ರೈಡ್ ಎಂದರೆ ಹಿಂದೆ ಸರಿಯುವ ಮಗುವನ್ನು ವಂಡರ್‌ಲಾಗೆ ಕರೆದೊಯ್ಯುವುದು ಹೇಗೆ?

"ಮಗಳಿಗೆ ನಾಲ್ಕೂವರೆ ವರ್ಷ. ಪಾರ್ಕಿನ ಜಾರುಬಂಡೆ ಹತ್ತಿದವಳು ಜಾರೋದಿಲ್ಲ, ಅಳ್ತಾ ಮೆಟ್ಟಿಲಲ್ಲೇ ವಾಪಸ್ ಇಳಿದು ಬರ್ತಾಳೆ. ಇಂಥವಳನ್ನ ವಂಡರ್‌ಲಾಗೆ ಕರ್ಕೊಂಡು ಹೋದ್ರೆ ದುಡ್ಡು ದಂಡ ಅಲ್ವಾ?"

ಬೇಸಿಗೆ ರಜೆ ಹತ್ತಿರ ಬಂತೆಂದರೆ ಈ ಪ್ರಶ್ನೆ ಬರುವುದು ಖಾಯಂ. ಮಗಳ ಜಾಗದಲ್ಲಿ ಮಗ, ಜಾರುಬಂಡೆಯ ಜಾಗದಲ್ಲಿ ಜಾತ್ರೆಯ ತೊಟ್ಟಿಲು, ಅಷ್ಟೇ ವ್ಯತ್ಯಾಸ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ವಂಡರ್‌ಲಾದಂಥ ಮನರಂಜನಾ ಪಾರ್ಕಿಗೆ ಇಂಥ ಮಗುವನ್ನೂ ಕರೆದುಕೊಂಡು ಹೋಗಬಹುದು. ಆದರೆ ಟಿಕೆಟ್ ದುಡ್ಡನ್ನು ರೈಡುಗಳ ಸಂಖ್ಯೆಯಿಂದ ಭಾಗಿಸುವ ಚಾಳಿಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಒಂದೇ ಟಿಕೆಟ್ಟಿನಲ್ಲಿ ಎಲ್ಲ ರೈಡೂ ಸೇರಿರುವುದರಿಂದ 'ವಸೂಲಿ' ಲೆಕ್ಕ ಬಲು ಬೇಗ ತಲೆಗೆ ಹೊಗುತ್ತದೆ. ಹೊಕ್ಕಿತೆಂದರೆ, ಮಧ್ಯಾಹ್ನದ ಹೊತ್ತಿಗೆ ಮನೆಯವರಲ್ಲಿ ಯಾರಾದರೊಬ್ಬರು ಮಗುವಿನ ರಟ್ಟೆ ಹಿಡಿದು ಎಳೆಯುತ್ತಿರುತ್ತಾರೆ. ಮೂರರಿಂದ ಎಂಟು ವರ್ಷದ ಮಗುವಿಗೆ ಒಂದು ದಿನದಲ್ಲಿ ನಾಲ್ಕು ರೈಡು, ಒಂದು ನೀರಾಟ, ಒಂದು ಐಸ್‌ಕ್ರೀಂ ಧಾರಾಳವಾಯಿತು.

ಇಲ್ಲಿ ಬಿಡದಿ ಬಳಿಯ ವಂಡರ್‌ಲಾವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. 2005ರಲ್ಲಿ ಶುರುವಾದ ಈ ಪಾರ್ಕು ದೊಡ್ಡದು, ಕೇಳಿದವರಲ್ಲಿ ಹೆಚ್ಚಿನವರು ಹೋಗುವುದೂ ಅಲ್ಲಿಗೇ. ಮೈಸೂರಿನ ಕಡೆಯವರಾದರೆ ಕೆ.ಆರ್.ಎಸ್. ರಸ್ತೆಯ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕಿದೆ. ಅದು ಚಿಕ್ಕದು, ಮೊದಲ ಸಲಕ್ಕೆ ಚಿಕ್ಕದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಎಲ್ಲಿಗೆ ಹೋದರೂ ಹಂತಗಳು ಇವೇ.

1. ಯಾವ ಭಯ ಎಂದು ಮೊದಲು ಪತ್ತೆ ಮಾಡಿ

'ನಮ್ಮ ಮಗು ಪುಕ್ಕಲು' ಎಂದರೆ ಏನೂ ಹೇಳಿದಂತಾಗಲಿಲ್ಲ. ಒಂದು ಮಗು ಹೆದರುವುದಕ್ಕೂ ಇನ್ನೊಂದು ಹೆದರುವುದಕ್ಕೂ ಸಂಬಂಧವೇ ಇರುವುದಿಲ್ಲ. ನಾನು ನೋಡಿದ ಮಟ್ಟಿಗೆ ಇವು ಮುಖ್ಯ:

ಹೊಟ್ಟೆ ಝಲ್ ಎನ್ನುವ ಭಯ. ಜೋಕಾಲಿ ಮೇಲಿಂದ ಇಳಿಯುವಾಗ, ರೈಡು ದಿಢೀರನೆ ಕೆಳಗೆ ಬಿದ್ದಾಗ ಮೈ ಹಗುರಾದಂತಾಗುತ್ತದಲ್ಲ, ಅದು. ದೊಡ್ಡವರು ಅದಕ್ಕಾಗಿಯೇ ದುಡ್ಡು ಕೊಡುತ್ತಾರೆ. ಮಗುವಿಗೆ ಅದು ಬೀಳುತ್ತಿದ್ದೇನೆ ಎಂಬ ಸೂಚನೆ, ಅಷ್ಟೇ.

ಸದ್ದಿನ ಭಯ. ಕಂಪ್ರೆಸರಿನ 'ಸ್ಸ್‌ಸ್' ಸದ್ದು, ಸೈರನ್, ಸ್ಪೀಕರಿನ ಹಾಡು, ಜನರ ಕಿರುಚಾಟ. ಮದುವೆ ಮನೆಯ ವಾಲಗಕ್ಕೆ ಕಿವಿ ಮುಚ್ಚಿಕೊಳ್ಳುವ ಮಗು ಈ ಗುಂಪಿನದು. ರೈಡಿಗೆ ಅದು ಹೆದರಿಯೇ ಇರುವುದಿಲ್ಲ. ಕಿವಿ ಮುಚ್ಚುವ ಹೆಡ್‌ಫೋನೋ ದಪ್ಪ ಬಟ್ಟೆಯ ಟೋಪಿಯೋ ಹಾಕಿದರೆ ಅರ್ಧ ತೊಂದರೆ ಮಾಯ.

ಕತ್ತಲೆಯ ಭಯ. ಬಾಗಿಲು ಮುಚ್ಚುವ, ಒಳಗೆ ಕತ್ತಲಾಗುವ ಪರದೆಯ ಪ್ರದರ್ಶನಗಳೆಲ್ಲ ಇದರಲ್ಲಿ ಬಂದವು. 'ಒಳಗೆ ಸಿನಿಮಾ ಅಷ್ಟೇ' ಎಂದು ನೂಕಬೇಡಿ. ಮಧ್ಯದಲ್ಲಿ ಎದ್ದು ಬರಲಾಗದ ಜಾಗ ಅದು.

ಸಿಕ್ಕಿಹಾಕಿಕೊಳ್ಳುವ ಭಯ. ತೊಡೆಯ ಮೇಲೆ ಬಂದು ಕೂರುವ ಕಂಬಿ 'ಟಕ್' ಎಂದು ಬಿಗಿಯುತ್ತಲೇ ಅಳು ಶುರು. ಕಾರಿನ ಬೆಲ್ಟಿಗೆ ರಚ್ಚೆ ಹಿಡಿಯುವ ಮಕ್ಕಳಲ್ಲಿ ಇದು ಕಾಣುತ್ತದೆ.

ಇನ್ನು ಮುಖಕ್ಕೆ ನೀರು ಬೀಳುವ ಭಯ, ಗೊಂಬೆ ವೇಷದವರ ಭಯ. ಎರಡನೆಯದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಳೆತ್ತರದ ತಲೆಯ ಗೊಂಬೆ ಕೈ ಚಾಚಿ ಹತ್ತಿರ ಬಂದರೆ ಎರಡು ವರ್ಷದ ಕೂಸು ಕಿರುಚದೆ ಇನ್ನೇನು ಮಾಡೀತು? ಫೋಟೊ ಬೇಕೆಂದು ಕೂಸನ್ನು ಅದರ ಕೈಗೆ ಕೊಡಬೇಡಿ.

ತಲೆ ಸುತ್ತುವುದು ಭಯವಲ್ಲ, ದೇಹದ ಸಮಸ್ಯೆ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ, ತಲೆ ಎತ್ತ ತಿರುಗಿತು ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವುದು ಅವೇ. ತಿರುಗುವುದು ನಿಂತರೂ ದ್ರವ ಸ್ವಲ್ಪ ಹೊತ್ತು ಹರಿಯುತ್ತಿರುತ್ತದೆ. ಕಣ್ಣು 'ನಿಂತಿದೆ' ಎನ್ನುತ್ತದೆ, ಕಿವಿ 'ಇಲ್ಲ' ಎನ್ನುತ್ತದೆ. ಎರಡರಿಂದ ಹನ್ನೆರಡು ವರ್ಷದವರೆಗೆ ಈ ತೊಂದರೆ ಹೆಚ್ಚು. ಘಾಟಿ ರಸ್ತೆಯಲ್ಲಿ ವಾಂತಿ ಮಾಡುವ ಮಗುವಾದರೆ, ಗಿರ್ರನೆ ತಿರುಗುವ, ಚಹಾದ ಕಪ್-ಬಸಿಯಂಥ ರೈಡು ನೋಡಲಿಕ್ಕೆ ಎಷ್ಟೇ ಮುದ್ದಾಗಿರಲಿ, ಬೇಡ. ವಾಂತಿ ತಡೆಯುವ ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳದೆ ಕೊಡಲೇಬೇಡಿ. ಪ್ರೊಮೆಥಜೀನ್ ಇರುವ ಮಾತ್ರೆಯಂತೂ ಎರಡು ವರ್ಷದೊಳಗಿನವರಿಗೆ ನಿಷಿದ್ಧ.

ಇವುಗಳಲ್ಲಿ ನಿಮ್ಮ ಮಗುವಿನದು ಯಾವುದು ಎಂದು ತಿಳಿದರೆ ಯಾವ ರೈಡು ಬಿಡಬೇಕೆಂಬ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

2. ಎತ್ತರ ಅಳೆಯಿರಿ, ಆಮೇಲೆ ಟಿಕೆಟ್

ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸಿನ ಲೆಕ್ಕವಿಲ್ಲ, ಎತ್ತರದ್ದು. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಬೇಡ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಎತ್ತರವಿದ್ದರೆ ದೊಡ್ಡವರ ಟಿಕೆಟ್. ಸುಮಾರಾಗಿ ಎರಡು ವರ್ಷಕ್ಕೆ 85, ಹತ್ತರ ಆಸುಪಾಸಿಗೆ 140. ಬುಕ್ ಮಾಡುವ ದಿನ ಅವರ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ, ಇಂಥ ನಿಯಮಗಳು ಬದಲಾಗುತ್ತವೆ.

ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ, ತಲೆಯ ಮೇಲೆ ಪುಸ್ತಕ ಅಡ್ಡವಿಟ್ಟು, ಪೆನ್ಸಿಲ್ ಗುರುತು ಹಾಕಿ ಅಳೆಯಿರಿ. ಪಾರ್ಕಿನ ದೊಡ್ಡ ರೈಡುಗಳ ಮುಂದೆಯೂ ಎತ್ತರದ ಪಟ್ಟಿ ಇರುತ್ತದೆ. ಅದು ಕೇವಲ ಕಾನೂನಿನ ಮಾತಲ್ಲ. ಭುಜ, ತೊಡೆ ಹಿಡಿಯುವ ಕಂಬಿಗಳನ್ನು ಒಂದು ಅಳತೆಯ ಮೈಗೆಂದೇ ಮಾಡಿರುತ್ತಾರೆ, ಅದಕ್ಕಿಂತ ಸಣ್ಣ ಮೈ ಅದರೊಳಗಿಂದ ಜಾರಬಹುದು. ದಪ್ಪ ಅಟ್ಟೆಯ ಬೂಟು ಹಾಕಿಸಿ, ತುದಿಗಾಲಲ್ಲಿ ನಿಲ್ಲಿಸಿ ಎರಡು ಸೆಂಟಿಮೀಟರ್ ಗಿಟ್ಟಿಸುವ ಅಪ್ಪಂದಿರಿದ್ದಾರೆ. ದಯವಿಟ್ಟು ಬೇಡ.

ಈ ಅಳತೆಯಿಂದ ಇನ್ನೊಂದು ಲಾಭವಿದೆ. 'ನೀನು ಹೆದರಿಕೊಂಡೆ' ಎನ್ನುವ ಬದಲು 'ಆ ಗೆರೆ ಮುಟ್ಟೋಕೆ ಇನ್ನೂ ಇಷ್ಟು ಬೆಳೀಬೇಕು' ಎಂದು ಬೆರಳಲ್ಲಿ ತೋರಿಸಬಹುದು. ಮಗುವಿಗೆ ಅವಮಾನವಿಲ್ಲ, ಜೊತೆಗೆ ಬಂದ ದೊಡ್ಡಪ್ಪನ ಮಕ್ಕಳೂ ಗೇಲಿ ಮಾಡುವಂತಿಲ್ಲ.

ಫಾಸ್ಟ್‌ಟ್ರ್ಯಾಕ್ ಟಿಕೆಟ್, ಅಂದರೆ ಹೆಚ್ಚು ದುಡ್ಡು ಕೊಟ್ಟು ಕ್ಯೂ ತಪ್ಪಿಸುವ ಟಿಕೆಟ್, ನಿಮಗೆ ಬೇಕಿಲ್ಲ. ಉದ್ದನೆಯ ಕ್ಯೂ ಇರುವುದು ದೊಡ್ಡ ರೈಡುಗಳಿಗೆ. ಪುಟಾಣಿಗಳ ರೈಡಿಗೆ ಅಷ್ಟು ಕಾಯಬೇಕಾಗುವುದಿಲ್ಲ.

3. ದಿನ ಆರಿಸುವುದು

ಶನಿವಾರ, ಭಾನುವಾರ, ದಸರಾ ರಜೆ, ಏಪ್ರಿಲ್-ಮೇ ಬಿಟ್ಟುಬಿಡಿ. 'ವಾರದ ದಿನ ಖಾಲಿ ಇರುತ್ತದೆ' ಎಂಬ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ. ನವೆಂಬರಿನಿಂದ ಜನವರಿವರೆಗೆ ಶಾಲಾ ಪ್ರವಾಸದ ಕಾಲ. ಮಂಗಳವಾರ ಬೆಳಿಗ್ಗೆಯೇ ಹತ್ತಾರು ಬಸ್ಸು ಬಂದು ನಿಂತಿರುತ್ತವೆ. ಶಾಲೆ ಶುರುವಾದ ಮೇಲಿನ ಜೂನ್ ಮಧ್ಯದಿಂದ ಜುಲೈವರೆಗೆ ವಾರದ ನಡುವಿನ ದಿನ ನನ್ನ ಆಯ್ಕೆ. ಒಂದು ದಿನ ರಜೆ ಹಾಕಿಸಿದರೆ ಯುಕೆಜಿ ಪಾಠ ಹಿಂದೆ ಬೀಳುವುದಿಲ್ಲ. ಮೋಡದ ದಿನ ಬಿಸಿಲೂ ಕಮ್ಮಿ. ಆದರೆ ಜೋರು ಮಳೆ, ಗುಡುಗು ಬಂದರೆ ಎತ್ತರದ ರೈಡುಗಳನ್ನು ನಿಲ್ಲಿಸುತ್ತಾರೆ. ನಿಮಗೆ ಅದರಿಂದ ನಷ್ಟವಿಲ್ಲ ಬಿಡಿ.

4. ಎರಡು ವಾರ ಮೊದಲಿನ ತಾಲೀಮು

ರೈಡಿನ ವಿಡಿಯೊ ತೋರಿಸಿ, ಆದರೆ ಮುಂದಿನ ಸೀಟಿನಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು ಬೇಡ. ಅದು ಇದ್ದದ್ದಕ್ಕಿಂತ ಭಯಂಕರವಾಗಿ ಕಾಣುತ್ತದೆ. ಪಕ್ಕದಲ್ಲಿ ನಿಂತು ತೆಗೆದದ್ದು ಸಾಕು: ಮಕ್ಕಳು ಹತ್ತುತ್ತಾರೆ, ಸುತ್ತುತ್ತಾರೆ, ನಿಲ್ಲುತ್ತದೆ, ಇಳಿಯುತ್ತಾರೆ. 'ನಿಲ್ಲುತ್ತದೆ' ಎನ್ನುವ ಭಾಗವನ್ನು ಎರಡು ಸಲ ತೋರಿಸಿ. ಎಷ್ಟೋ ಮಕ್ಕಳ ಭಯ, ಇದು ನಿಲ್ಲುವುದೇ ಇಲ್ಲವೇನೋ ಎಂಬುದು.

ಊರಿನ ಜಾತ್ರೆ ಸಿಕ್ಕಿದರೆ ಕೈಯಿಂದ ತಿರುಗಿಸುವ ಪುಟ್ಟ ತೊಟ್ಟಿಲಿಗಿಂತ ಒಳ್ಳೆಯ ಗುರು ಇಲ್ಲ. 'ಅಣ್ಣಾ, ಮೆಲ್ಲಗೆ' ಎಂದರೆ ಮೆಲ್ಲಗೆ, 'ನಿಲ್ಸಿ' ಎಂದರೆ ನಿಲ್ಲಿಸುತ್ತಾರೆ. ಮೋಟಾರಿನ ರೈಡಿಗೆ ಆ ಕಿವಿ ಇಲ್ಲ.

ಅಜ್ಜಿ, ತಾತ, ಸೋದರಮಾವಂದಿರಿಗೂ ಒಂದು ಮಾತು ಮೊದಲೇ ಹೇಳಿಡಿ: 'ಗಂಡು ಹುಡುಗ ಆಗಿ ಹೆದರ್ತೀಯಾ', 'ನೋಡು, ನಿನಗಿಂತ ಚಿಕ್ಕ ಪಾಪು ಕೂತಿದೆ' ಎಂಬ ಮಾತು ಆ ದಿನ ಯಾರ ಬಾಯಿಂದಲೂ ಬರಕೂಡದು. 'ಹತ್ತಿದರೆ ಚಾಕೊಲೇಟ್' ಕೂಡ ಅಷ್ಟೇ. ಚಾಕೊಲೇಟ್ ಆಸೆಗೆ ಹತ್ತಿ ನಡುವೆ ಗಾಬರಿಯಾದ ಮಗು ಆಮೇಲೆ ವರ್ಷಗಟ್ಟಲೆ ಆ ಕಡೆ ತಲೆ ಹಾಕುವುದಿಲ್ಲ.

5. ಚೀಲದಲ್ಲಿ ಏನಿರಬೇಕು

ನೀರಿಗೆ ಇಳಿಯಲು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು. ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಅದರ ಎಳೆ ಕಿತ್ತು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಬಿಡುವುದಿಲ್ಲ. ಸೀರೆ, ಸಲ್ವಾರಿನಲ್ಲಿ ಬಂದ ಅಮ್ಮ ದಡದಲ್ಲೇ ಉಳಿದು, 'ಅಮ್ಮ ಬರದಿದ್ರೆ ನಾನೂ ಬರಲ್ಲ' ಎಂದು ಮಗುವೂ ಉಳಿಯುವುದು ನಾನು ಅತಿ ಹೆಚ್ಚು ಕಂಡ ಎಡವಟ್ಟು. ಅಮ್ಮನಿಗೂ ನೀರಿನ ಬಟ್ಟೆ ಮೊದಲೇ ಕೊಂಡಿಡಿ. ಅಲ್ಲೇ ಕೊಳ್ಳಹೋದರೆ ಬೆಲೆ ಹೆಚ್ಚು, ಅಳತೆ ಸಿಗುವುದೂ ಅನುಮಾನ.

ಉಳಿದಂತೆ ಎರಡು ಜೊತೆ ಬಟ್ಟೆ, ಟವೆಲ್, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರ್, ಕಾಲಿಗೆ ಬಿಗಿಯಾಗಿ ನಿಲ್ಲುವ ಚಪ್ಪಲಿ, ಟೋಪಿ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಎಳೆ ಮಗುವಿನ ಆಹಾರ, ಔಷಧಿ ಇದ್ದರೆ ಗೇಟಿನಲ್ಲಿ ತೋರಿಸಿ ಕೇಳಿ. ಚಿತ್ರಾನ್ನ, ಮೊಸರನ್ನದ ಬುತ್ತಿಯನ್ನು ಕಾರಿನಲ್ಲಿ ತಿಂದು ಮುಗಿಸಿ ಹೋಗುವುದು ವಾಸಿ.

6. ದಾರಿ

ಪಾರ್ಕು ಬೆಂಗಳೂರಿನಿಂದ ಸುಮಾರು 28 ಕಿ.ಮೀ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ನಡುವಿನ ಆರು ಪಥದಲ್ಲಿ ಮೈಮರೆತು ಓಡಿಸಿದರೆ ತಿರುವು ತಪ್ಪಿ ಬಹುದೂರ ಹೋಗಿಬಿಡುತ್ತೀರಿ. ಪಕ್ಕದ ಸರ್ವಿಸ್ ರಸ್ತೆ ಹಿಡಿಯಿರಿ. ಬೈಕು, ಆಟೊಗಳಿಗೆ 2023ರ ಆಗಸ್ಟ್‌ನಿಂದ ನಡುವಿನ ಪಥ ನಿಷಿದ್ಧವಾಗಿರುವುದರಿಂದ ಅವರಿಗೆ ಹೇಗೂ ಅದೇ ದಾರಿ. ಮೆಟ್ರೊದಲ್ಲಿ ಬರುವವರಿಗೆ ನೇರಳೆ ಮಾರ್ಗದ ಕೊನೆ ಚಲ್ಲಘಟ್ಟ. ಅಲ್ಲಿಂದ ಮುಂದೆ ಆಟೊ, ಇಲ್ಲವೇ ಕೆಂಗೇರಿಯಲ್ಲೇ ಇಳಿದು ಬಿಡದಿ ಕಡೆಯ ಬಸ್ಸು.

ಬಿಡದಿಯ ತಟ್ಟೆ ಇಡ್ಲಿ ತಿಂದೇ ಹೋಗೋಣ ಎನ್ನುವವರು ಇದ್ದೇ ಇರುತ್ತಾರೆ, ನಾನೂ ಅವರಲ್ಲೊಬ್ಬ. ಮಗುವಿಗೆ ಒಂದು ಸಾಕು. ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವ ರೈಡು ಹತ್ತಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

7. ಒಳಗೆ ಹೋದ ಮೊದಲ ಗಂಟೆ

ಎಲ್ಲರೂ ದೊಡ್ಡ ರೈಡಿನ ಕಡೆ ಓಡುತ್ತಾರೆ. ನೀವು ಓಡಬೇಡಿ. ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಮುಂದಕ್ಕೆ ಹೋದಷ್ಟೇ ವೇಗದಲ್ಲಿ ಹಿಂದಕ್ಕೂ ಬರುತ್ತದೆ, ಅದರ ಕಿರುಚಾಟ ದೂರಕ್ಕೆ ಕೇಳುತ್ತದೆ. ಮಗು ಕಾಣುವ ಮೊದಲ ದೃಶ್ಯ ಅದಾಗದಂತೆ, ನಕ್ಷೆ ನೋಡಿ ನೇರ ಮಕ್ಕಳ ವಿಭಾಗಕ್ಕೆ ನಡೆಯಿರಿ.

ಅಲ್ಲಿ ಹೋಗಿ ಕೂತುಕೊಳ್ಳಿ. ಹತ್ತುವ ಮಾತೇ ಬೇಡ. ಒಂದು ರೈಡನ್ನು ಮೂರು ಸುತ್ತು ನೋಡಿ. ನಮ್ಮ ಮಗಳು ಮೊದಲ ಸಲ ಪುಟ್ಟ ರೈಲಿನ ಬೇಲಿಗೆ ಮೂಗು ಒತ್ತಿ ನಿಂತಿದ್ದಳು. ಎಷ್ಟು ಸಲ ಸುತ್ತುತ್ತದೆ ಎಂದು ಬೆರಳು ಮಡಚುತ್ತಾ ಎಣಿಸಿದಳು. ಎರಡನೆಯ ಬಾರಿಯೂ ಎಣಿಸಿ, ಅಷ್ಟೇ ಬಂತೆಂದು ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿ 'ಅಪ್ಪ, ಲಾಸ್ಟ್ ಡಬ್ಬಿ' ಎಂದಳು. ಅರ್ಧ ಗಂಟೆ ಹೋಗಿತ್ತು. ಆ ಅರ್ಧ ಗಂಟೆ ಕೊಡದಿದ್ದರೆ ಇಡೀ ದಿನ ಕೈ ಹಿಡಿದು ಎಳೆದಾಡಿಕೊಂಡೇ ಇರಬೇಕಾಗುತ್ತಿತ್ತು.

ಇದೇ ಹೊತ್ತಿನಲ್ಲಿ ಎರಡು ಕೆಲಸ ಮುಗಿಸಿ. ಆ ದಿನದ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆದಿಡಿ, ತಪ್ಪಿಸಿಕೊಂಡರೆ ತೋರಿಸಲು. ನಿಮ್ಮ ಫೋನ್ ನಂಬರನ್ನು ಮುಂಗೈ ಮೇಲೆ ಪೆನ್ನಿನಲ್ಲಿ ಬರೆದು, ಸಮವಸ್ತ್ರ ಹಾಕಿದ ಸಿಬ್ಬಂದಿಯನ್ನು ತೋರಿಸಿ 'ನಾನು ಕಾಣದಿದ್ರೆ ಇವರ ಹತ್ತಿರ ಹೋಗು' ಎಂದು ಹೇಳಿಕೊಡಿ.

8. ಸೀಟು ಆರಿಸುವುದರಲ್ಲೇ ಅರ್ಧ ಗುಟ್ಟು

ಒಂದೇ ರೈಡಿನಲ್ಲಿ ಎಲ್ಲಿ ಕೂತಿರಿ ಎಂಬುದರ ಮೇಲೆ ಅನುಭವ ಬೇರೆಯಾಗುತ್ತದೆ.

ತಿರುಗುವ ಕುದುರೆಯಲ್ಲಿ ಒಳಸಾಲು ನಿಧಾನ, ಹೊರಸಾಲು ವೇಗ. ಸುತ್ತಲು ಇಬ್ಬರಿಗೂ ಹಿಡಿಯುವ ಸಮಯ ಒಂದೇ, ಹೊರಗಿನವರಿಗೆ ದೂರ ಜಾಸ್ತಿ. ಮೊದಲ ಸಲ ಒಳಸಾಲು, ಅದರಲ್ಲೂ ಮೇಲೆ ಕೆಳಗೆ ಆಡದ ಕುದುರೆಯೋ ರಥದಂಥ ಬೆಂಚೋ ಇದ್ದರೆ ಅದು.

ತೂಗುವ ದೋಣಿಯಲ್ಲಿ ನಡುವಿನ ಸಾಲು ತೀರ ಕಡಿಮೆ ಏರಿಳಿಯುತ್ತದೆ, ಎರಡು ತುದಿಗಳು ಹೆಚ್ಚು. ಹುಡುಗರು ತುದಿಗೆ ನುಗ್ಗುವುದರಿಂದ ನಡುವಿನ ಸೀಟು ಹೇಗೂ ಸಿಗುತ್ತದೆ. ಆದರೂ ಹೊಟ್ಟೆ ಝಲ್ ಎನ್ನುವ ಭಯದ ಮಗುವಿಗೆ ಮಕ್ಕಳ ವಿಭಾಗದ ಮರಿ ದೋಣಿ ಬಿಟ್ಟು ದೊಡ್ಡದಕ್ಕೆ ಕೈ ಹಾಕಬೇಡಿ.

ಜೈಂಟ್ ವೀಲ್ ಮೋಸಗಾರ. ನಿಧಾನವಾಗಿ ತಿರುಗುತ್ತದೆಂದು ಹತ್ತಿಸುತ್ತೇವೆ. ಕೆಳಗೆ ಜನ ಹತ್ತಿ ಇಳಿಯುವಾಗ ನಮ್ಮ ಡಬ್ಬಿ ತುತ್ತತುದಿಯಲ್ಲಿ ನಿಂತು ಗಾಳಿಗೆ ಅಲ್ಲಾಡುತ್ತದೆ. 'ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೆ, ಕೆಟ್ಟು ನಿಂತಿದ್ದಲ್ಲ' ಎಂದು ಮೊದಲೇ ಹೇಳಿರಬೇಕು. ಗೋಪುರದ ತಲೆಯ ಮೇಲೆ ಕೂತಿರುವ ಸ್ಕೈ ವೀಲ್ ಅನ್ನು ಮೊದಲ ಭೇಟಿಯಲ್ಲಿ ಕೆಳಗಿನಿಂದ ನೋಡಿ ಖುಷಿಪಡಿ.

ಹತ್ತುವ ಮುನ್ನ ಸಿಬ್ಬಂದಿಯನ್ನು ಎರಡು ಪ್ರಶ್ನೆ ಕೇಳಿ: ಎಷ್ಟು ನಿಮಿಷ? ಮಗು ಅತ್ತರೆ ನಿಲ್ಲಿಸುತ್ತೀರಾ? ಉತ್ತರ ಮಗುವಿಗೂ ಕೇಳಿಸಲಿ. ಕ್ಯೂವಿನ ಕೊನೆಯವರೆಗೆ ಬಂದು 'ಬೇಡ' ಎಂದರೆ ತಕ್ಷಣ ಹೊರಗೆ ಬನ್ನಿ. 'ಇಷ್ಟು ಹೊತ್ತು ಕಾದದ್ದು ದಂಡ' ಎಂದು ಗೊಣಗಬೇಡಿ, ಹಿಂದಿನವರು ಗೊಣಗಿದರೆ ಗೊಣಗಲಿ. ಬೇಡವೆಂದಾಗ ವಾಪಸ್ ಬರಬಹುದು ಎಂದು ಒಮ್ಮೆ ಗೊತ್ತಾದ ಮಗು ಮುಂದಿನ ಕ್ಯೂಗೆ ತಾನೇ ನಡೆಯುತ್ತದೆ.

ಹತ್ತಿ ಇಷ್ಟವಾಯಿತೋ, ಅದನ್ನೇ ಮತ್ತೆ ಹತ್ತಿಸಿ. 'ಒಂದೇ ರೈಡು ಐದು ಸಲ ಯಾಕೆ, ಬೇರೆ ನೋಡೋಣ' ಎಂಬ ಮಾತು ವಸೂಲಿ ಲೆಕ್ಕದ ಮರಿ.

9. ದೊಡ್ಡವರ ಸರದಿ

ಅಪ್ಪ ಅಮ್ಮ ಇಡೀ ದಿನ ಮಕ್ಕಳ ರೈಲಿನಲ್ಲೇ ಕೂರಬೇಕಿಲ್ಲ. ಒಬ್ಬರು ಮಗುವಿನೊಂದಿಗೆ ನೆರಳಿನಲ್ಲಿ, ಇನ್ನೊಬ್ಬರು ರೋಲರ್ ಕೋಸ್ಟರಿಗೆ, ಆಮೇಲೆ ಅದಲುಬದಲು. ವಿದೇಶದಲ್ಲಿರುವ ಕನ್ನಡಿಗರು ಕೇಳುವುದರಿಂದ ಹೇಳುತ್ತೇನೆ: ಡಿಸ್ನಿ ಪಾರ್ಕುಗಳಲ್ಲಿ ಇದಕ್ಕೇ 'ರೈಡರ್ ಸ್ವಿಚ್' ಎಂಬ ವ್ಯವಸ್ಥೆಯಿದೆ, ಎರಡನೆಯವರು ಮತ್ತೆ ಪೂರ್ತಿ ಕ್ಯೂ ನಿಲ್ಲಬೇಕಿಲ್ಲ. ಕ್ಯೂ ಸೇರುವ ಮೊದಲೇ ಸಿಬ್ಬಂದಿಯನ್ನು ಕೇಳಬೇಕು. ನಮ್ಮಲ್ಲಿ ಇಬ್ಬರೂ ಕ್ಯೂ ನಿಲ್ಲಬೇಕು ಎಂದುಕೊಂಡೇ ಯೋಜನೆ ಮಾಡಿ. ಹಾಗಾಗಿ ತಲಾ ಎರಡು ರೈಡು ಸಾಕು.

ಅಕ್ಕ ಧೈರ್ಯವಂತೆ, ತಮ್ಮ ಅಂಜುಬುರುಕ ಎಂಬ ಮನೆಗಳಲ್ಲಿ ಗುಂಪನ್ನು ಎರಡಾಗಿಸುವುದೇ ದಾರಿ. ಊಟಕ್ಕೆ ಎಲ್ಲಿ, ಎಷ್ಟು ಹೊತ್ತಿಗೆ ಸೇರುವುದೆಂದು ಬಾಯಿಮಾತಲ್ಲೇ ಗೊತ್ತು ಮಾಡಿಕೊಳ್ಳಿ. ಫೋನು ಲಾಕರಿನಲ್ಲಿರುತ್ತದೆ.

10. ನೀರು

ರೈಡಿಗೆ ಹೆದರುವ ಎಷ್ಟೋ ಮಕ್ಕಳಿಗೆ ನೀರೇ ಸ್ವರ್ಗ. ಮೊಣಕಾಲುದ್ದದ ಮಕ್ಕಳ ಕೊಳದಿಂದ ಶುರು ಮಾಡಿ. ಯಂತ್ರದಿಂದ ಅಲೆ ಎಬ್ಬಿಸುವ ಕೊಳ ದಡದಲ್ಲಿ ಆಳವಿಲ್ಲದೆ ಮುಂದೆ ಹೋದಂತೆ ಆಳವಾಗುತ್ತದೆ. ಅಲೆ ಶುರುವಾಗುವ ಮೊದಲು ಮಗುವಿನೊಂದಿಗೆ ದಡದಲ್ಲಿ ಕೂತಿರಿ, ಅಲೆ ಅಲ್ಲಿಗೇ ಬಂದು ಕಾಲು ತೊಳೆಯುತ್ತದೆ. ತೋಳಿಗೆ ಊದಿ ಹಾಕುವ ಗಾಳಿ ಬಳೆಗಳು ಆಟದ ಸಾಮಾನು, ಜೀವರಕ್ಷಕವಲ್ಲ. ಹಾಕಿದ್ದರೂ ಮಗು ಕೈಗೆಟುಕುವಷ್ಟು ಹತ್ತಿರವೇ ಇರಬೇಕು. ತುಟಿ ನೀಲಿಗಟ್ಟಿತೋ, ಹಲ್ಲು ಕಟಕಟ ಎಂದಿತೋ, ಮಗು ಎಷ್ಟೇ ಬೇಡವೆಂದರೂ ಎತ್ತಿಕೊಂಡು ಹೊರಗೆ ಬನ್ನಿ.

ಊಟ ನೀರಾಟದ ನಂತರ ಇರಲಿ. ಊಟವಾದ ಮೇಲೆ ಮುಕ್ಕಾಲು ಗಂಟೆ ತಿರುಗುವ ಯಾವುದೂ ಬೇಡ. ಸಣ್ಣವರು ಆ ಹೊತ್ತಿಗೆ ಹೆಗಲ ಮೇಲೆ ನಿದ್ದೆ ಹೋಗುತ್ತಾರೆ, ಎಬ್ಬಿಸಬೇಡಿ.

11. ಹೊರಡುವುದು

ಮುಚ್ಚುವ ಹೊತ್ತಿನವರೆಗೆ ಇರಬೇಡಿ. ನಾಲ್ಕೂವರೆಗೆ ಹೊರಟರೆ ಬಟ್ಟೆ ಬದಲಿಸುವ ಕೋಣೆಯ ನೂಕುನುಗ್ಗಲೂ ಇಲ್ಲ, ಕೆಂಗೇರಿಯ ಸಂಜೆಯ ಟ್ರಾಫಿಕ್ಕೂ ತುಸು ಕಮ್ಮಿ. ಕೊನೆಯ ರೈಡು ಹೊಸದಾಗದಿರಲಿ, ಮಗು ಆಗಲೇ ಒಪ್ಪಿದ ರೈಲೋ ಕುದುರೆಯೋ ಆಗಲಿ. ಗೇಟಿನ ಬಳಿಯ ಅಂಗಡಿಗೆ ಎಷ್ಟು ದುಡ್ಡು ಎಂದು ಬೆಳಿಗ್ಗೆಯೇ ಹೇಳಿರಿ, ಇಲ್ಲದಿದ್ದರೆ ರಚ್ಚೆ ಅಲ್ಲಿ ಕಾದಿರುತ್ತದೆ.

ಅಜ್ಜಿಗೆ ಫೋನ್ ಮಾಡಿದಾಗ 'ಏನೂ ಹತ್ತಲಿಲ್ಲಮ್ಮ ಇವನು' ಎಂದು ಮಗುವಿನ ಎದುರು ಹೇಳಬೇಡಿ, ಫೋನನ್ನು ಅವನ ಕೈಗೇ ಕೊಡಿ. ಮತ್ತೆ, ಒದ್ದೆ ಬಟ್ಟೆಯ ಕವರನ್ನು ಡಿಕ್ಕಿಯಲ್ಲೇ ಮರೆಯಬೇಡಿ. ನಾವು ಮರೆತಿದ್ದೆವು, ಮೂರನೆಯ ದಿನಕ್ಕೆ ಕಾರು ನಾರುತ್ತಿತ್ತು.